ಹಡಗಿನಲ್ಲಿ ಮಂಗಳೂರಿಗೆ ಬರುವ ಅಕ್ಕ, ಕೊಡಗಿನ ಹೊನ್ನಮ್ಮನ ಕೆರೆ ನೋಡಿ ಸಂಜೆಗೆ ವಾಪಸ್ ಹೋಗಬಹುದಾ?

ಪ್ರಶ್ನೆ: ನಮ್ಮದು ಸೋಮವಾರಪೇಟೆ ಹತ್ತಿರದ ಒಂದು ಹಳ್ಳಿ. ನಮ್ಮಕ್ಕ ಮದುವೆಯಾಗಿ ಆಸ್ಟ್ರೇಲಿಯಾಕ್ಕೆ ಹೋಗಿ ಮೂವತ್ತೈದು ವರ್ಷವಾಯಿತು. ಬರುವ ಜನವರಿಯಲ್ಲಿ ಅಕ್ಕ, ಭಾವ ಇಬ್ಬರೂ ಕ್ರೂಸ್ ಹಡಗಿನಲ್ಲಿ ಬರುತ್ತಿದ್ದಾರೆ. ಮುಂಬೈಯಲ್ಲಿ ಹತ್ತಿ, ಗೋವಾ ನೋಡಿ, ಆಮೇಲೆ ಒಂದು ದಿನ ಮಂಗಳೂರು, ಮಾರನೇ ದಿನ ಕೊಚ್ಚಿ. ಮಂಗಳೂರಿಗೆ ಬೆಳಿಗ್ಗೆ 8ಕ್ಕೆ ಬಂದು ಸಂಜೆ 6ಕ್ಕೆ ಹೊರಡುತ್ತದಂತೆ. 'ಹತ್ತು ಗಂಟೆ ಇದೆಯಲ್ಲ, ಹೊನ್ನಮ್ಮನ ಕೆರೆಗೆ ಹೋಗಿ ಬಂದುಬಿಡ್ತೀನಿ, ನೀನು ಕಾರು ಒಂದು ಗೊತ್ತು ಮಾಡು ಸಾಕು' ಎನ್ನುತ್ತಾಳೆ. ಮದುವೆಯಾದ ವರ್ಷ ಅಮ್ಮನ ಜೊತೆ ಹೋಗಿ ಅಲ್ಲಿ ಬಾಗಿನ ಬಿಟ್ಟಿದ್ದಳು. ಈಗ ಅಮ್ಮ ಇಲ್ಲ. ಅಕ್ಕನಿಗೆ ಅರವತ್ತು, ಮಂಡಿನೋವು ಬೇರೆ. ಇದು ಆಗುವ ಮಾತಾ? ಆಗದಿದ್ದರೆ ಆ ಒಂದು ದಿನವನ್ನು ಹೇಗೆ ಬಳಸಿಕೊಳ್ಳಬಹುದು?

ಉತ್ತರ: ಆಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ನಿಮ್ಮಕ್ಕ ಈಗಾಗಲೇ ಮನಸ್ಸಿನಲ್ಲಿ ಆ ಏರಿ ಮೇಲೆ ನಿಂತುಬಿಟ್ಟಿದ್ದಾರೆ. ದಿನ ಹತ್ತಿರ ಬಂದಮೇಲೆ ಬೇಡ ಅನ್ನುವುದಕ್ಕಿಂತ ಈಗಲೇ ಹೇಳುವುದು ಒಳ್ಳೆಯದು. ಕಾರು ಸಿಗುತ್ತದೆ, ಒಳ್ಳೆಯ ಡ್ರೈವರ್ ಕೂಡ ಸಿಗುತ್ತಾರೆ. ಸಿಗದೇ ಇರುವುದು ಹೊತ್ತು ಮಾತ್ರ. ನಾನು ಮಡಿಕೇರಿಯಲ್ಲಿ ಇಪ್ಪತ್ತು ವರ್ಷದಿಂದ ಪ್ರವಾಸದ ಕೆಲಸ ಮಾಡುತ್ತಿದ್ದೇನೆ. ಹಡಗಿನಿಂದ ಇಳಿದು ಬರುವವರಿಗೆ ಕಾರು, ಊಟ, ಜೊತೆಗೆ ಒಬ್ಬ ಮನುಷ್ಯನನ್ನು ಒದಗಿಸುವುದು ಆ ಕೆಲಸದ ಒಂದು ಭಾಗ. ಅದರ ಅನುಭವದಿಂದ ಹೇಳುತ್ತಿದ್ದೇನೆ. ಆದರೆ ನಿಮ್ಮಕ್ಕ ಆ ಕೆರೆ ನೋಡುವುದಕ್ಕೂ ದಾರಿ ಇದೆ, ಆ ಒಂದು ದಿನವನ್ನು ಚೆನ್ನಾಗಿ ಕಳೆಯುವುದಕ್ಕೂ ದಾರಿ ಇದೆ. ಎರಡನ್ನೂ ಒಂದೇ ದಿನಕ್ಕೆ ಗಂಟು ಹಾಕಬೇಡಿ, ಅಷ್ಟೇ.

ಮೊದಲು ಆ ಹತ್ತು ಗಂಟೆಯ ಲೆಕ್ಕ ನೋಡೋಣ. ಹಡಗು 8ಕ್ಕೆ ಬರುತ್ತದೆ ಅಂದರೆ 8ಕ್ಕೆ ನಿಮ್ಮಕ್ಕ ಕಾರಿನಲ್ಲಿ ಕೂತಿರುತ್ತಾರೆ ಅಂತಲ್ಲ. ಹಡಗನ್ನು ದಕ್ಕೆಗೆ ಕಟ್ಟಬೇಕು. ಅಧಿಕಾರಿಗಳು ಕಾಗದಪತ್ರ ನೋಡಿ ಇಳಿಯಲು ಬಿಡಬೇಕು. ಸಾಮಾನ್ಯವಾಗಿ ಹಡಗಿನವರೇ ಏರ್ಪಡಿಸಿದ ಬಸ್ ಪ್ರವಾಸದವರು ಮೊದಲು ಇಳಿಯುತ್ತಾರೆ, ಸ್ವಂತವಾಗಿ ಹೋಗುವವರು ಆಮೇಲೆ. ಅಲ್ಲಿಂದ ಪಣಂಬೂರಿನ ಬಂದರಿನ ಗೇಟಿಗೆ ಬರಬೇಕು. ಎಲ್ಲ ಸಲೀಸಾಗಿ ನಡೆದರೂ 9 ಗಂಟೆ ಅಂತಿಟ್ಟುಕೊಳ್ಳಿ. ಆ ಕಡೆ, 6ಕ್ಕೆ ಹೊರಡುವ ಹಡಗಿಗೆ 6ಕ್ಕೆ ಹತ್ತುವ ಹಾಗಿಲ್ಲ. ಹಡಗು ಹೊರಡುವುದಕ್ಕೆ ಅರ್ಧ ಗಂಟೆಯಿಂದ ಒಂದು ಗಂಟೆ ಮೊದಲೇ ಎಲ್ಲರೂ ಒಳಗಿರಬೇಕು ಅನ್ನುವುದು ಎಲ್ಲ ಹಡಗುಗಳ ನಿಯಮ. ಸರಿಯಾದ ಸಮಯವನ್ನು ಅವರ ಹಡಗಿನ ದಿನದ ಪತ್ರಿಕೆಯಲ್ಲಿ ಹಾಕಿರುತ್ತಾರೆ. ಅದು 5 ಗಂಟೆ ಅಂತಿದ್ದರೆ ನಾನು ನನ್ನ ಜನರನ್ನು 4.30ಕ್ಕೆ ಗೇಟಿನ ಮುಂದೆ ಇಳಿಸುತ್ತೇನೆ. 9ರಿಂದ 4.30. ಅಂದರೆ ಏಳೂವರೆ ಗಂಟೆ. ಹತ್ತು ಇದ್ದದ್ದು ಏಳೂವರೆ ಆಯಿತು, ಇನ್ನೂ ಕಾರು ಹೊರಟಿಲ್ಲ.

ಈಗ ರಸ್ತೆ. ಪಣಂಬೂರಿನಿಂದ ಕೂಳೂರು, ನಂತೂರು, ಪಡೀಲು ದಾಟಿ ಬಿ.ಸಿ. ರೋಡ್ ಸೇರಬೇಕು. ಬೆಳಿಗ್ಗೆ 9ರ ಹೊತ್ತಿಗೆ ನಂತೂರಿನ ಸರ್ಕಲ್ ಹೇಗಿರುತ್ತದೆ ಅನ್ನುವುದು ಮಂಗಳೂರಿನವರಿಗೆ ಗೊತ್ತು. ಅಲ್ಲಿಂದ ಮಾಣಿ, ಪುತ್ತೂರು, ಸುಳ್ಯ, ಸಂಪಾಜೆ. ಸಂಪಾಜೆಯಿಂದ ಘಟ್ಟ ಹತ್ತಿದರೆ ಮಡಿಕೇರಿ. ಮಂಗಳೂರಿನಿಂದ ಮಡಿಕೇರಿಗೆ ಸುಮಾರು 138 ಕಿ.ಮೀ. ಕಿಲೋಮೀಟರ್ ನೋಡಿದರೆ ದೊಡ್ಡದಲ್ಲ. ಆದರೆ ಪುತ್ತೂರಿನಿಂದ ಈಚೆಗೆ ಎಲ್ಲೂ ನೇರ ರಸ್ತೆ ಇಲ್ಲ. ಬರೀ ತಿರುವು, ಏರು, ಇಳಿತ. ಬಂದರಿನ ಗೇಟಿನಿಂದ ಮಡಿಕೇರಿಗೆ ಮೂರೂವರೆ ಗಂಟೆ ಬೇಕು, ದಾರಿಯಲ್ಲಿ ಒಂದು ಸಲ ಕಾಫಿಗೆ ನಿಂತರೆ ನಾಲ್ಕು. ಮಡಿಕೇರಿಯಿಂದ ಸುಂಟಿಕೊಪ್ಪ, ಮಾದಾಪುರದ ಮೇಲೆ ಸೋಮವಾರಪೇಟೆಗೆ ಮತ್ತೆ 40 ಕಿ.ಮೀ. ಅಲ್ಲಿಂದ ಶನಿವಾರಸಂತೆ ರಸ್ತೆಯಲ್ಲಿ, ಕೆರೆ ಇರುವ ದೊಡ್ಡಮಳ್ತೆ. ಆ ದಾರಿ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಹೋಗಲು ಐದು ಗಂಟೆ, ಬರಲು ಐದು ಗಂಟೆ. ಕೈಯಲ್ಲಿರುವುದು ಏಳೂವರೆ.

'ಸುಬ್ರಹ್ಮಣ್ಯದಿಂದ ಬಿಸಿಲೆ ಘಾಟಿ ಹತ್ತಿದರೆ ಹತ್ತಿರ ಅಲ್ವಾ?' ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ನಕ್ಷೆಯಲ್ಲಿ ಹಾಗೇ ಕಾಣುತ್ತದೆ. ಬಿಸಿಲೆ ದಾರಿ ತುಂಬ ಚೆಂದ. ಕಾಡಿನ ನಡುವೆ ಹೋಗುವ ರಸ್ತೆ, ಮೇಲೆ ಹೋದರೆ ಪುಷ್ಪಗಿರಿ, ಕುಮಾರಪರ್ವತದ ಸಾಲು ಕಣ್ಣೆದುರಿಗೇ ನಿಲ್ಲುತ್ತದೆ. ಆದರೆ ರಸ್ತೆ ಕಿರಿದು, ಎದುರಿಗೆ ವಾಹನ ಬಂದರೆ ಯಾರಾದರೊಬ್ಬರು ಹಿಂದೆ ಸರಿಯಬೇಕು. ಫೋನಿಗೆ ಸಿಗ್ನಲ್ ಸಿಗದ ಜಾಗ ಜಾಸ್ತಿ. ಉಳಿಯುವ ಹೊತ್ತೂ ದೊಡ್ಡದೇನಲ್ಲ. ಹಡಗಿಗೆ ವಾಪಸ್ ಹೋಗಬೇಕಾದವರನ್ನು ನಾನು ಆ ದಾರಿಯಲ್ಲಿ ಕಳಿಸುವುದೇ ಇಲ್ಲ.

ಒಂದು ಅನುಭವ ಹೇಳುತ್ತೇನೆ. ಈ ಕೆಲಸಕ್ಕೆ ಬಂದ ಹೊಸತು. ಹಡಗಿನಿಂದ ಬಂದ ಇಬ್ಬರು ವಯಸ್ಸಾದವರು ಮಡಿಕೇರಿ ನೋಡಲೇಬೇಕು ಅಂದರು. ಹಡಗು ಅವತ್ತು ರಾತ್ರಿ 8ಕ್ಕೆ ಹೊರಡುವುದಿತ್ತು, ಹಾಗಾಗಿ ನಾನೂ ಒಪ್ಪಿಕೊಂಡೆ. ರಾಜಾಸೀಟಿನಲ್ಲಿ ಅರ್ಧ ಗಂಟೆ, ಊಟಕ್ಕೆ ಮುಕ್ಕಾಲು ಗಂಟೆ, ವಾಪಸ್ ಹೊರಟಾಗ ಎರಡು ಗಂಟೆ. ಹೊತ್ತು ಬೇಕಾದಷ್ಟಿತ್ತು. ಮದೆನಾಡು ದಾಟಿ ಇಳಿಯುವಾಗ ಒಂದು ತಿರುವಿನಲ್ಲಿ ಮರದ ಲಾರಿ ಆಕ್ಸಲ್ ಮುರಿದು ಅಡ್ಡ ನಿಂತಿತ್ತು. ಹಿಂದೆ ಬಸ್ಸು, ಬಸ್ಸಿನ ಹಿಂದೆ ಜೀಪು, ಜೀಪಿನ ಹಿಂದೆ ನಾವು. ಒಂದೂವರೆ ಗಂಟೆ ಅಲ್ಲೇ. ಆ ಹೆಂಗಸು ಒಂದು ಮಾತೂ ಆಡಲಿಲ್ಲ. ಕೈಚೀಲದಿಂದ ಹಡಗಿನ ಕಾರ್ಡ್ ತೆಗೆದು ಅದರ ಹಿಂಭಾಗ ನೋಡುವುದು, ಒಳಗಿಡುವುದು, ಮತ್ತೆ ತೆಗೆಯುವುದು. ಅವರ ಬೆರಳಿನ ನಡುಕ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಕೊನೆಗೆ ಗಡುವಿಗೆ ಹತ್ತು ನಿಮಿಷ ಇದೆ ಅನ್ನುವಾಗ ಗೇಟು ಮುಟ್ಟಿದೆವು. ಅವರು ಮಡಿಕೇರಿ ನೋಡಿದ್ದು ನಿಜ. ಆದರೆ ಮನೆಗೆ ಒಯ್ದ ನೆನಪು ಆ ಲಾರಿಯದ್ದೇ ಇರಬೇಕು. ಅಂದಿನಿಂದ ನಾನು ಲೆಕ್ಕವನ್ನು ಹಡಗು ಹೊರಡುವ ಹೊತ್ತಿನಿಂದ ಹಿಂದಕ್ಕೆ ಹಾಕಿಕೊಂಡು ಬರುತ್ತೇನೆ. ಅದರಲ್ಲಿ ಒಂದು ಲಾರಿ ಕೆಟ್ಟು ನಿಲ್ಲುವಷ್ಟು ಹೊತ್ತು ಇಟ್ಟೇ ಇಡುತ್ತೇನೆ.

ನಮ್ಮ ಘಟ್ಟದಲ್ಲಿ ಇದು ಸುಮ್ನೆ ಹೆದರಿಕೆಯ ಮಾತಲ್ಲ. 2018ರ ಆಗಸ್ಟಿನಲ್ಲಿ ಜೋಡುಪಾಲ, ಮದೆನಾಡಿನ ಕಡೆ ಗುಡ್ಡ ಕುಸಿದು ಇದೇ ಹೆದ್ದಾರಿ ಕಡಿದುಹೋಗಿದ್ದನ್ನು ನಾವೆಲ್ಲ ನೋಡಿದ್ದೇವೆ. ನಿಮ್ಮ ಮಾದಾಪುರ, ಹಟ್ಟಿಹೊಳೆ ಕಡೆಯೂ ಅಷ್ಟೇ ಪೆಟ್ಟು ಬಿತ್ತು. ಕ್ರೂಸ್ ಹಡಗುಗಳು ಬರುವುದು ಮಳೆ ಮುಗಿದ ಮೇಲೆ, ಹೆಚ್ಚುಕಡಿಮೆ ನವೆಂಬರಿನಿಂದ ಬೇಸಿಗೆಯವರೆಗೆ. ಹಾಗಾಗಿ ಜನವರಿಯಲ್ಲಿ ಗುಡ್ಡ ಕುಸಿಯುವ ಚಿಂತೆ ಇಲ್ಲ. ಆದರೆ ರಸ್ತೆ ದುರಸ್ತಿಯ ಕೆಲಸ ನಡೆಯುವುದೂ ಒಣ ಕಾಲದಲ್ಲೇ, ಪ್ರವಾಸಿಗರ ಕಾರುಗಳು ಮಡಿಕೇರಿಗೆ ಮುಗಿಬೀಳುವುದೂ ಆಗಲೇ.

ಹಡಗು ತಪ್ಪಿದರೆ ಏನಾಗುತ್ತದೆ? ಹಡಗಿನವರೇ ಏರ್ಪಡಿಸಿದ ಪ್ರವಾಸದ ಬಸ್ಸು ತಡವಾದರೆ ಹಡಗು ಕಾಯುತ್ತದೆ, ಇಲ್ಲವೇ ಮುಂದಿನ ಬಂದರಿಗೆ ಸೇರಿಸುವ ಹೊಣೆ ಅವರದ್ದು. ಸ್ವಂತ ಕಾರಿನಲ್ಲಿ ಹೋದವರಿಗೆ ಹಡಗು ಕಾಯುವುದಿಲ್ಲ. ಮುಂದಿನ ಬಂದರಿಗೆ ತಾವೇ ಖರ್ಚು ಹಾಕಿಕೊಂಡು ಹೋಗಬೇಕು. ಇಲ್ಲಿ ಮುಂದಿನ ಬಂದರು ಕೊಚ್ಚಿ ಅನ್ನುವುದೊಂದು ಸಮಾಧಾನ. ನಮ್ಮ ದೇಶದೊಳಗೇ ಇದೆ, ಮಂಗಳೂರಿನಿಂದ ರಾತ್ರಿ ರೈಲು ಇದೆ. ಆದರೂ ಮಂಡಿನೋವಿನ ಅಕ್ಕ, ಮಾತ್ರೆ ಎಲ್ಲ ಹಡಗಿನ ಕೋಣೆಯಲ್ಲಿ, ಕೈಯಲ್ಲಿ ಒಂದು ಚೀಲ, ಮಂಗಳೂರು ಸೆಂಟ್ರಲ್ ಪ್ಲಾಟ್‌ಫಾರಂ. ಅವರಿಗೆ ಆ ಸ್ಥಿತಿ ಬರುವುದು ಬೇಡ.

ಇನ್ನು ಕೆರೆಯ ವಿಷಯಕ್ಕೆ ಬರುತ್ತೇನೆ. ನಿಮ್ಮಕ್ಕ ನೆನಪಿಟ್ಟುಕೊಂಡಿರುವುದು ಯಾವ ಕೆರೆಯನ್ನು? ಗೌರಿ ಹಬ್ಬದ ದಿನದ ಕೆರೆಯನ್ನು. ಭಾದ್ರಪದದ ಮಳೆ, ತುಂಬಿದ ಕೆರೆ, ಸುತ್ತ ನಾಟಿ ಮುಗಿದ ಹಸಿರು ಗದ್ದೆ, ದಂಡೆಯ ಮೇಲೆ ಹೊನ್ನಮ್ಮನ ಗುಡಿ, ಹೊಸದಾಗಿ ಮದುವೆಯಾದ ಹೆಣ್ಣುಮಕ್ಕಳು ಸೀರೆ ನೆರಿಗೆ ಎತ್ತಿ ಹಿಡಿದು ಮೊರದ ಬಾಗಿನ ಹೊತ್ತು ಬರುವುದು. ಮೊರದೊಳಗೆ ಅರಿಶಿನ, ಕುಂಕುಮ, ಬಳೆ, ಬಿಚ್ಚೋಲೆ, ಅಕ್ಕಿ, ಬೇಳೆ, ಬೆಲ್ಲ, ತೆಂಗಿನಕಾಯಿ, ರವಿಕೆ ಕಣ. ಕೆರೆಯಲ್ಲಿ ನೀರು ನಿಲ್ಲದಿದ್ದಾಗ ಹೊನ್ನಮ್ಮ ತನ್ನನ್ನೇ ಕೊಟ್ಟುಕೊಂಡಳು ಅನ್ನುವ ಕತೆಯನ್ನು ನಿಮ್ಮಮ್ಮ ಅವತ್ತು ಅವರಿಗೆ ಹೇಳಿರಬೇಕು. ನಮ್ಮ ಕಡೆ ಮದುವೆಯಾದ ವರ್ಷ ಆ ಕತೆ ಕೇಳದ ಹೆಣ್ಣುಮಗಳು ಕಡಿಮೆ. ಜನವರಿಯಲ್ಲಿ ಹೋದರೆ ಇದು ಯಾವುದೂ ಇರುವುದಿಲ್ಲ. ಗದ್ದೆ ಕೊಯ್ಲಾಗಿ ಬರೀ ಕೂಳೆ ನಿಂತಿರುತ್ತದೆ. ದಂಡೆಯಲ್ಲಿ ನಾಲ್ಕು ಜನರೂ ಇರುವುದಿಲ್ಲ. ಆಗಲೂ ಕೆರೆ ಚೆಂದವೇ. ಹೊತ್ತು ಇಳಿಯುವಾಗ ಗವಿಬೆಟ್ಟದ ಕಡೆಯಿಂದ ತಣ್ಣನೆ ಗಾಳಿ ಬರುತ್ತದೆ, ನೀರು ಅಲುಗಾಡದೆ ನಿಂತಿರುತ್ತದೆ. ಆದರೆ ಐದು ಗಂಟೆ ಕಾರಿನಲ್ಲಿ ಅಲುಗಾಡಿ ಬಂದು, ಗಡಿಯಾರ ನೋಡುತ್ತ ಹತ್ತು ನಿಮಿಷ ನಿಂತು ಓಡುವವರಿಗೆ ಆ ಚೆಂದ ಸಿಗುವುದಿಲ್ಲ. ಕೊಡಗಿನ ಅತಿದೊಡ್ಡ ಸಹಜ ಕೆರೆ ಅನ್ನುವ ಹೆಸರು ಅದಕ್ಕಿದೆ. ಒಂದು ಸುತ್ತು ನಿಧಾನವಾಗಿ ನಡೆದರೇ ಅದು ಎಷ್ಟು ಹರಡಿಕೊಂಡಿದೆ ಅಂತ ಗೊತ್ತಾಗುವುದು.

ಹಾಗಾಗಿ ಕೆರೆಗೆ ಅದರದ್ದೇ ದಿನ ಕೊಡಿ. ಇದಕ್ಕೆ ಮೂರು ದಾರಿ ನನಗೆ ಕಾಣುತ್ತದೆ.

ನಾನು ಮೊದಲು ಹೇಳುವುದು, ಮುಂಬೈಯಲ್ಲಿ ಹಡಗು ಹತ್ತುವುದಕ್ಕೆ ಒಂದು ವಾರ ಮೊದಲೇ ಬಂದುಬಿಡಲಿ. ಬೆಂಗಳೂರಿಗೆ ವಿಮಾನದಲ್ಲಿ ಬಂದು, ಅಲ್ಲಿಂದ ಕಾರಿನಲ್ಲಿ ಊರಿಗೆ. ನಾಲ್ಕೈದು ದಿನ ನಿಮ್ಮ ಮನೆಯಲ್ಲಿ ಇರಲಿ. ಆಮೇಲೆ ಬೆಂಗಳೂರು ಅಥವಾ ಮಂಗಳೂರಿನಿಂದ ಮುಂಬೈಗೆ ವಿಮಾನ. ಹಡಗು ಹೊರಡುವ ದಿನವೇ ಮುಂಬೈಗೆ ಹೋಗಿ ಇಳಿಯುವ ಹಾಗೆ ಮಾತ್ರ ಮಾಡಬೇಡಿ, ಹಿಂದಿನ ದಿನವೇ ಅಲ್ಲಿರಲಿ. ಜನವರಿಯಲ್ಲಿ ಕಾಫಿ ಕೊಯ್ಲು ನಡೆಯುತ್ತಿರುತ್ತದೆ. ಕಣದಲ್ಲಿ ಹರವಿದ ಕಾಫಿಯ ಆ ಹುಳಿಹುಳಿ ವಾಸನೆ, ಅದನ್ನು ಕಾಲಿನಲ್ಲಿ ಗೆರೆ ಎಳೆದು ತಿರುವಿ ಹಾಕುವುದು, ಬೆಳಗಿನ ಚಳಿಗೆ ಒಲೆ ಮುಂದೆ ಕೂರುವುದು. ಮೂವತ್ತೈದು ವರ್ಷ ದೂರ ಇದ್ದವರಿಗೆ ಕೆರೆಗಿಂತ ಇದೇ ಜಾಸ್ತಿ ಬೇಕಾಗಿರುತ್ತದೆ. ಎಷ್ಟೋ ಮಂದಿ ವಿಷಯದಲ್ಲಿ ಇದನ್ನು ನೋಡಿದ್ದೇನೆ.

ಎರಡನೆಯದು, ಹಡಗಿನ ಪ್ರಯಾಣ ಮುಗಿಸಿಕೊಂಡು ಬರುವುದು. ಆ ಪ್ರಯಾಣ ಎಲ್ಲಿ ಮುಗಿಯುತ್ತದೆ ಅನ್ನುವುದನ್ನು ನೀವು ಬರೆದಿಲ್ಲ. ಕೊಚ್ಚಿಯಲ್ಲೇ ಮುಗಿಯುವುದಾದರೆ ಅಲ್ಲಿಂದ ರೈಲಿನಲ್ಲಿ ಕಣ್ಣೂರಿಗೆ ಬಂದು, ಇರಿಟ್ಟಿ, ಮಾಕುಟ್ಟದ ಮೇಲೆ ವಿರಾಜಪೇಟೆಗೆ ಹತ್ತಿ ಬರಬಹುದು. ಅದೂ ಒಂದೇ ದಿನದಲ್ಲಿ ಮನೆ ಮುಟ್ಟುವ ದಾರಿಯಲ್ಲ, ಮಧ್ಯೆ ಒಂದು ರಾತ್ರಿ ಉಳಿಯಬೇಕು. ಕೆಲವರು 'ಮಂಗಳೂರಿನಲ್ಲೇ ಇಳಿದುಬಿಡ್ತೀವಿ, ಕೊಚ್ಚಿಗೆ ಬರೋದಿಲ್ಲ' ಅನ್ನುತ್ತಾರೆ. ಅದಕ್ಕೆ ಹಡಗಿನ ಕಂಪನಿಯ ಒಪ್ಪಿಗೆಯನ್ನು ಎಷ್ಟೋ ಮೊದಲೇ ಬರಹದಲ್ಲಿ ತೆಗೆದುಕೊಂಡಿರಬೇಕು. ಸೂಟ್‌ಕೇಸು ಹೊತ್ತು ಇಳಿಯುವವರಿಗೆ ಇಮಿಗ್ರೇಷನ್, ಕಸ್ಟಮ್ಸ್ ಕೆಲಸವೇ ಬೇರೆ. ಆ ದಿನ ಬೆಳಿಗ್ಗೆ ಕೇಳಿದರೆ ಯಾರೂ ಒಪ್ಪುವುದಿಲ್ಲ.

ಮೂರನೆಯದು, ಬಾಗಿನವೇ ಬಿಡಬೇಕು ಅಂದರೆ ಗೌರಿ ಹಬ್ಬಕ್ಕೇ ಬರಬೇಕು. ಅದು ಮಳೆಗಾಲ. ಆಗ ಮಂಗಳೂರಿಗೆ ಕ್ರೂಸ್ ಹಡಗು ಇರುವುದಿಲ್ಲ, ವಿಮಾನವೇ ಗತಿ. ಹಬ್ಬಕ್ಕೆ ಬಂದವರು ಪ್ಲಾಸ್ಟಿಕ್ ಕವರ್ ಸುತ್ತಿದ ಬಾಗಿನ ನೀರಿಗೆ ಬಿಡುವುದನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ನಿಮ್ಮಕ್ಕ ಬಂದಾಗ ಅಮ್ಮನ ಕಾಲದ ಹಾಗೆ ಬಿದಿರಿನ ಮೊರ, ಹತ್ತಿ ದಾರ, ಇಷ್ಟೇ ಇರಲಿ ಅಂತ ನನ್ನ ಕೋರಿಕೆ.

ಈಗ ಆ ಮಂಗಳೂರಿನ ಒಂದು ದಿನ. ನನ್ನ ಸಲಹೆ ಇದು. ಅಕ್ಕ ಘಟ್ಟ ಹತ್ತುವುದು ಬೇಡ, ನೀವು ಇಳಿಯಿರಿ. ಹಿಂದಿನ ದಿನ ಮಧ್ಯಾಹ್ನ ಸೋಮವಾರಪೇಟೆಯಿಂದ ಹೊರಟು ರಾತ್ರಿ ಮಂಗಳೂರಿನಲ್ಲಿ ಉಳಿಯಿರಿ. ಬೆಳಿಗ್ಗೆ ನಾಲ್ಕಕ್ಕೆ ಎದ್ದು ಹೊರಟು ಬರುತ್ತೇವೆ ಅನ್ನಬೇಡಿ. ಲಾರಿ ನಿಮಗೂ ಅಡ್ಡ ನಿಲ್ಲಬಹುದು. 9ಕ್ಕೆ ಗೇಟಿನಲ್ಲಿ ಅಕ್ಕನನ್ನು ಕೂರಿಸಿಕೊಂಡು ವರಂಗಕ್ಕೆ ಹೋಗಿ.

ವರಂಗ ಉಡುಪಿ ಜಿಲ್ಲೆಯಲ್ಲಿ, ಕಾರ್ಕಳದಿಂದ ಹೆಬ್ರಿಗೆ ಹೋಗುವ ರಸ್ತೆಯಲ್ಲಿದೆ. ಅಲ್ಲಿನ ಕೆರೆಯ ನಟ್ಟನಡುವೆ ಒಂದು ಜೈನ ಬಸದಿ ಇದೆ. ಕೆರೆ ಬಸದಿ ಅಂತಲೇ ಹೆಸರು. ನಾಲ್ಕು ಕಡೆ ಬಾಗಿಲಿರುವ ಚತುರ್ಮುಖ ಬಸದಿ. ಅಲ್ಲಿಗೆ ಸೇತುವೆ ಇಲ್ಲ, ದೋಣಿಯಲ್ಲೇ ಹೋಗಬೇಕು. ಪಣಂಬೂರಿನಿಂದ ಸುರತ್ಕಲ್, ಮೂಲ್ಕಿ ದಾಟಿ ಪಡುಬಿದ್ರಿವರೆಗೆ ಹೆದ್ದಾರಿ. ಅಲ್ಲಿ ಬಲಕ್ಕೆ ತಿರುಗಿ ಬೆಳ್ಮಣ್ಣಿನ ಮೇಲೆ ಕಾರ್ಕಳ. ಅಲ್ಲಿಂದ ಹೆಬ್ರಿ ರಸ್ತೆ ಹಿಡಿದು ಮುನಿಯಾಲಿನ ಕಡೆ ಹೋದರೆ ವರಂಗ. ಎಲ್ಲ ಸೇರಿ ಸುಮಾರು 75 ಕಿ.ಮೀ. ಎರಡು ಗಂಟೆ ಅಂತ ಹಿಡಿದುಕೊಳ್ಳಿ. ಮಂಗಳೂರು ಪಟ್ಟಣದ ಒಳಗೆ ಹೋಗುವ ಗೋಜೇ ಇಲ್ಲ. ಘಟ್ಟವೂ ಇಲ್ಲ. ಹೋಗಲು ಎರಡು, ಬರಲು ಎರಡು, ಮಧ್ಯೆ ಮೂರೂವರೆ ಗಂಟೆ ಅಕ್ಕತಂಗಿಯರಿಗೆ ಉಳಿಯುತ್ತದೆ.

ಆ ಜಾಗ ಯಾಕೆ ಅಂದರೆ, ಅಲ್ಲಿ ನಿಂತರೆ ನಮ್ಮ ಕಡೆಯ ನೆನಪು ಬರುತ್ತದೆ. ಸುತ್ತ ಗದ್ದೆ, ತೋಟ, ಹಿಂದೆ ಸಹ್ಯಾದ್ರಿಯ ನೀಲಿ ಸಾಲು. ಆ ಸಾಲೇ ದಕ್ಷಿಣಕ್ಕೆ ಬಂದು ನಮ್ಮ ಕೊಡಗಿನ ಬೆಟ್ಟ ಆಗುವುದು. ದೋಣಿ ಚಿಕ್ಕದು, ಒಂದು ಸಲಕ್ಕೆ ಕೆಲವೇ ಜನ. ದೋಣಿ ದಂಡೆ ಬಿಟ್ಟಮೇಲೆ ಮಾತು ತಾನಾಗೇ ನಿಂತುಹೋಗುತ್ತದೆ. ಹುಟ್ಟು ನೀರಿಗೆ ಬೀಳುವ ಸದ್ದು, ತಾವರೆ ಎಲೆಯ ಮೇಲೆ ಓಡಾಡುವ ನೀರಹಕ್ಕಿ. ಹತ್ತಿರ ಹೋದ ಹಾಗೆ ನೀರಿನಲ್ಲಿ ಕಾಣುವ ಬಸದಿ ಒಡೆದು ಚೂರಾಗಿ ಹರಡುತ್ತದೆ. ನಾನು ಹೋದಾಗಲೆಲ್ಲ ದಂಡೆಗೆ ಮರಳಿದ ಮೇಲೂ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದು ಬಂದಿದ್ದೇನೆ.

ಅಕ್ಕನ ಮಂಡಿಯ ವಿಷಯ ಮರೆಯಬೇಡಿ. ದೋಣಿ ಹತ್ತುವಾಗ, ಇಳಿಯುವಾಗ ಕಾಲು ಎತ್ತಿ ಇಡಬೇಕು, ದೋಣಿ ಅಲುಗಾಡುತ್ತದೆ. ಭಾವ ಮೊದಲು ಹತ್ತಿ ಕೈ ಕೊಡಲಿ, ನೀವು ಹಿಂದಿನಿಂದ ಹಿಡಿದುಕೊಳ್ಳಿ. ಆಗುವುದಿಲ್ಲ ಅನ್ನಿಸಿದರೆ ಬಲವಂತ ಬೇಡ, ದಂಡೆಯಿಂದ ನೋಡಿದರೂ ಪೂರ್ತಿ ಕಾಣುತ್ತದೆ. ದೋಣಿಯವರು ಇರುವ ಹೊತ್ತು, ಬಸದಿ ಬಾಗಿಲು ತೆರೆದಿರುವ ಹೊತ್ತು ಎರಡನ್ನೂ ಹಿಂದಿನ ದಿನವೇ ಅಲ್ಲಿಯವರನ್ನು ವಿಚಾರಿಸಿಕೊಳ್ಳಿ. ಇನ್ನೊಂದು ಮಾತು. ಅದು ಪೂಜೆ ನಡೆಯುವ ಬಸದಿ. ಅಲ್ಲಿಯ ಕೆರೆಗೆ ಬಾಗಿನ ಬಿಡುವುದು, ಹೂವು ಎಸೆಯುವುದು ಮಾಡಬೇಡಿ. ಚಪ್ಪಲಿ ದಂಡೆಯಲ್ಲೇ ಬಿಡಿ. ಮನೆಯಿಂದ ಅಕ್ಕನಿಗೆ ಇಷ್ಟ ಅಂತ ಕೋಳಿಸಾರು ಕಟ್ಟಿಕೊಂಡು ಹೋಗಿದ್ದರೆ ಆ ಡಬ್ಬಿಯನ್ನು ಅಲ್ಲಿ ತೆರೆಯಬೇಡಿ. ಊಟ ಕಾರ್ಕಳಕ್ಕೆ ಮರಳಿದ ಮೇಲೆ ಇಟ್ಟುಕೊಳ್ಳಿ.

ಹಡಗು ತಡವಾಗಿ ಬಂದರೆ, ಇಲ್ಲವೇ ಅಕ್ಕ ಗೇಟಿಗೆ ಬರುವಾಗಲೇ ಹತ್ತೂವರೆ ಹನ್ನೊಂದು ಆದರೆ ವರಂಗ ಬಿಟ್ಟುಬಿಡಿ. ಕಾರ್ಕಳದಲ್ಲೇ ಆನೆಕೆರೆ ಇದೆ. ಅಲ್ಲೂ ನೀರಿನ ನಡುವೆ ಬಸದಿ ಇದೆ, ಅಲ್ಲಿಗೆ ನಡೆದೇ ಹೋಗಬಹುದು. ಪಣಂಬೂರಿನಿಂದ ಒಂದೂಕಾಲು ಗಂಟೆ. ಊರೊಳಗಿನ ಕೆರೆ, ವರಂಗದ ಮೌನ ಅಲ್ಲಿಲ್ಲ, ಆದರೆ ಮಂಡಿನೋವಿನವರಿಗೆ ಅದೇ ಸುಲಭ. ಕಾರ್ಕಳಕ್ಕೆ ಹೋದಮೇಲೆ ಗೊಮ್ಮಟನನ್ನು ಕೆಳಗಿನಿಂದಾದರೂ ನೋಡಿ. 1432ರಲ್ಲಿ ನಿಲ್ಲಿಸಿದ್ದು, 42 ಅಡಿ ಎತ್ತರ. ಎದುರಿನ ಗುಡ್ಡದಲ್ಲಿ 1586ರ ಚತುರ್ಮುಖ ಬಸದಿ.

'ಕೊಡಗಿನ ಮಣ್ಣು ಮೆಟ್ಟದೆ ಹೋಗೋದಿಲ್ಲ' ಅಂತ ಅಕ್ಕ ಹಟ ಹಿಡಿದರೆ? ಲೆಕ್ಕದ ಪ್ರಕಾರ ಸಂಪಾಜೆವರೆಗೆ ಹೋಗಿ ಬರಬಹುದು. ಮೂರು ಗಂಟೆ ಹೋಗಲು, ಮೂರು ಬರಲು. ಪಯಸ್ವಿನಿ ಹೊಳೆಯ ದಂಡೆಯಲ್ಲಿ ಒಂದು ಗಂಟೆ ಕೂತು ಬುತ್ತಿ ಬಿಚ್ಚಬಹುದು. ಅಲ್ಲಿ ಕೆರೆ ಇಲ್ಲ, ಕೈಯಲ್ಲಿ ಉಳಿಯುವ ಹೊತ್ತೂ ತೀರಾ ಕಡಿಮೆ. ನಾನಾದರೆ ಕಳಿಸುವುದಿಲ್ಲ. ಕಳಿಸಲೇಬೇಕಾದರೆ ಸಂಪಾಜೆಯಿಂದ ಮಧ್ಯಾಹ್ನ 1ಕ್ಕೆ ಕಾರು ತಿರುಗಿಸಿಬಿಡಬೇಕು, ಯಾರು ಏನೇ ಹೇಳಿದರೂ.

ಗೇಟಿನ ವಿಷಯ. ನವಮಂಗಳೂರು ಬಂದರಿಗೆ ಸಿಐಎಸ್‌ಎಫ್ (ಕೇಂದ್ರ ಕೈಗಾರಿಕಾ ಭದ್ರತಾ ಪಡೆ) ಕಾವಲು. ನಿಮ್ಮ ಕಾರು ಒಳಗೆ ಹೋಗುವುದಿಲ್ಲ. ಹಡಗಿನ ಹತ್ತಿರ ಹೋಗಿ ಹಾರ ಹಾಕಿ ಸ್ವಾಗತಿಸುವ ಆಸೆ ಇದ್ದರೆ ಬಿಟ್ಟುಬಿಡಿ, ಭೇಟಿ ಗೇಟಿನ ಹೊರಗೇ. ಯಾವ ಗೇಟಿನಿಂದ ಪ್ರಯಾಣಿಕರನ್ನು ಬಿಡುತ್ತಾರೆ ಅಂತ ಅಕ್ಕ ಹಡಗಿನಲ್ಲೇ ಕೇಳಿ ನಿಮಗೆ ತಿಳಿಸಲಿ. ಹೆದ್ದಾರಿಯಲ್ಲಿ ಲಾರಿ, ಟ್ಯಾಂಕರ್ ಸಾಲುಸಾಲು. ಗೇಟಿಗೆ ಅಡ್ಡವಾಗಿ ನಿಲ್ಲಿಸಿದರೆ ಎಬ್ಬಿಸುತ್ತಾರೆ. ಸ್ವಲ್ಪ ದೂರ ನಿಲ್ಲಿಸಿ, ಒಬ್ಬರು ಮಾತ್ರ ನಡೆದು ಹೋಗಿ ಕರೆದುಕೊಂಡು ಬನ್ನಿ. ಅಕ್ಕನ ಫೋನ್ ಇಲ್ಲಿ ಕೆಲಸ ಮಾಡದೇ ಇರಬಹುದು. ಹಾಗಾಗಿ ನಿಮ್ಮ ಕಾರಿನ ಬಣ್ಣ, ನಂಬರು, ನಿಲ್ಲುವ ಜಾಗವನ್ನು ಹಿಂದಿನ ರಾತ್ರಿಯೇ ಬರೆದು ಕಳಿಸಿ. ಬಾಡಿಗೆ ಕಾರಾದರೆ ಹಳದಿ ಬೋರ್ಡಿನದ್ದೇ ಇರಲಿ, ಪಡುಬಿದ್ರಿ, ಕಾರ್ಕಳದ ದಾರಿ ಗೊತ್ತಿರುವ ಡ್ರೈವರ್ ಇರಲಿ. ಡೀಸೆಲ್ ಹಿಂದಿನ ದಿನವೇ ತುಂಬಿಸಿ.

ಅಕ್ಕ ಕೈಯಲ್ಲಿ ಇಟ್ಟುಕೊಳ್ಳಬೇಕಾದ್ದು ಹಡಗಿನ ಕಾರ್ಡ್, ಇಳಿಯುವಾಗ ಕೊಡುವ ಕಾಗದ, ಪಾಸ್‌ಪೋರ್ಟ್ ಇಲ್ಲವೇ ಅದರ ಪ್ರತಿ. ಯಾವುದು ಬೇಕು ಅಂತ ಹಡಗಿನವರೇ ಹೇಳುತ್ತಾರೆ. ಅವರದ್ದು ಈಗ ಆಸ್ಟ್ರೇಲಿಯಾ ಪಾಸ್‌ಪೋರ್ಟ್ ಆಗಿದ್ದರೆ ಒಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡ್ ಇರಬೇಕು, ಇಲ್ಲದಿದ್ದರೆ ಭಾರತದ ವೀಸಾ ಬೇಕೇ ಬೇಕು. ಹುಟ್ಟಿದ್ದು ಕೊಡಗಿನಲ್ಲಿ ಅನ್ನುವುದು ಇಮಿಗ್ರೇಷನ್ ಕೌಂಟರಿನಲ್ಲಿ ನಡೆಯುವುದಿಲ್ಲ. ಹಡಗು ಮಧ್ಯೆ ಕೊಲಂಬೊಗೆ ಹೋಗಿ ಮತ್ತೆ ನಮ್ಮ ದೇಶದ ಬಂದರಿಗೆ ಬರುವುದಾದರೆ ಒಂದಕ್ಕಿಂತ ಹೆಚ್ಚು ಸಲ ಒಳಬರಲು ಬಿಡುವ ವೀಸಾ ಇರಬೇಕು. ಇದನ್ನು ಟಿಕೆಟ್ ತೆಗೆದ ದಿನವೇ ನೋಡಿಕೊಳ್ಳಲಿ. ದಿನದ ಮಾತ್ರೆ ಕೈಚೀಲದಲ್ಲೇ ಇರಲಿ, ಜೊತೆಗೆ ಇನ್ನೊಂದು ದಿನದ್ದೂ. ಹಡಗಿನ ಗಡಿಯಾರ ಮತ್ತು ನಿಮ್ಮ ಗಡಿಯಾರ ಒಂದೇ ಹೊತ್ತು ತೋರಿಸುತ್ತಿದೆಯಾ ಅಂತ ಗೇಟಿನಲ್ಲೇ ಹೋಲಿಸಿ ನೋಡಿ. ನಮ್ಮ ದೇಶದ ಹೊತ್ತು ಗ್ರೀನ್‌ವಿಚ್ ಹೊತ್ತಿಗಿಂತ ಐದೂವರೆ ಗಂಟೆ ಮುಂದೆ, ಆ ಅರ್ಧ ಗಂಟೆಯ ಲೆಕ್ಕದಲ್ಲಿ ಹೊರಗಿನವರು ಎಡವುವುದು ಉಂಟು.

ಮನೆಯ ತಿಂಡಿಯನ್ನು ದಾರಿಯಲ್ಲೇ ತಿನ್ನಿಸಿ. ಅಕ್ಕಿರೊಟ್ಟಿ, ಕಡುಬು, ಹಿತ್ತಲಿನ ಕಿತ್ತಳೆ ಎಲ್ಲ ಸರಿ. ಆದರೆ ಬೇಯಿಸಿದ ಊಟ, ಹಣ್ಣು, ಗಿಡ ಇವನ್ನು ಹಡಗಿನೊಳಗೆ ಬಿಡುವುದಿಲ್ಲ, ಮೆಟ್ಟಿಲ ಹತ್ತಿರವೇ ತೆಗೆದಿಟ್ಟುಕೊಳ್ಳುತ್ತಾರೆ. ಕೊಟ್ಟು ಕಳಿಸುವುದಾದರೆ ಹುರಿದು ಪುಡಿಮಾಡಿ ಸೀಲ್ ಮಾಡಿದ ಕಾಫಿಪುಡಿ ಕೊಡಿ. ಹುರಿಯದ ಕಾಫಿಬೀಜ ಬೇಡ. ಆಸ್ಟ್ರೇಲಿಯಾದಲ್ಲಿ ಇಂಥದ್ದರ ತಪಾಸಣೆ ಬಿಗಿ. ಏನೇ ಒಯ್ದರೂ ಅಲ್ಲಿ ಇಳಿಯುವಾಗ ಫಾರಂನಲ್ಲಿ ಬರೆದು ತೋರಿಸಲಿ, ಬಚ್ಚಿಟ್ಟರೆ ದಂಡ ಬೀಳುತ್ತದೆ.

ಕೊನೆಯದಾಗಿ ಒಂದು ಕೆಲಸ ಮಾಡಿ, ನಿಮಗೆ ಅರ್ಧ ಗಂಟೆಯೂ ಬೇಡ. ಹೊರಡುವ ದಿನ ಬೆಳಿಗ್ಗೆ ದೊಡ್ಡಮಳ್ತೆಗೆ ಹೋಗಿ, ಗುಡಿಯ ಮುಂದೆ ಕೈಮುಗಿದು, ಒಂದು ಚಿಕ್ಕ ಚೊಂಬಿನಲ್ಲಿ ಕೆರೆಯ ನೀರು ತುಂಬಿಕೊಳ್ಳಿ. ಬಾಯಿಗೆ ಬಾಳೆ ಎಲೆ ಕಟ್ಟಿ, ಚೆಲ್ಲದ ಹಾಗೆ ಕಾಲ ಹತ್ತಿರ ಇಟ್ಟುಕೊಂಡು ಬನ್ನಿ. ಕುಡಿಯಲು ಕೊಡಬೇಡಿ, ಹಡಗಿಗೂ ಕೊಟ್ಟು ಕಳಿಸಬೇಡಿ. ವರಂಗದಿಂದ ಮರಳುವಾಗ ಎಲ್ಲಾದರೂ ಮರದ ನೆರಳಿನಲ್ಲಿ ಕಾರು ನಿಲ್ಲಿಸಿ ಅಕ್ಕನ ಕೈಗೆ ಹಾಕಿ, ಅವರು ಕಣ್ಣಿಗೆ ಒತ್ತಿಕೊಳ್ಳಲಿ. ಆಮೇಲೆ ಗಡಿಯಾರ ನೋಡಿಕೊಳ್ಳಿ. ಎರಡೂವರೆಗೆ ಮೊದಲು ಕಾರ್ಕಳ ಬಿಟ್ಟಿರಬೇಕು.